‘ಮಹಿಳಾ ಮತ’ ಎಂಬ ಹುಸಿ ಲೆಕ್ಕ

ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ಪತ್ರಿಕೆಗಳಲ್ಲೂ ಟಿವಿ ಚರ್ಚೆಗಳಲ್ಲೂ ಈಗೀಗ ಒಂದು ಮಾತು ಕಾಯಂ ಆಗಿಬಿಟ್ಟಿದೆ. ‘ಈ ಸಲ ಗೆಲ್ಲಿಸಿದ್ದು ಮಹಿಳೆಯರು’ ಎಂದು ಗೆದ್ದವರು ಹೇಳುತ್ತಾರೆ. ಸೋತವರು ಅದೇ ಮಾತನ್ನು ತಿರುಗಿಸಿ, ‘ಎರಡು ಸಾವಿರ ರೂಪಾಯಿಗೆ, ಬಿಟ್ಟಿ ಬಸ್ಸಿಗೆ ಹೆಂಗಸರು ಓಟು ಮಾರಿಕೊಂಡರು’ ಎನ್ನುತ್ತಾರೆ. ಹೋಟೆಲಿನ ಮುಂದೆ ಕುಳಿತ ಹಿರಿಯರದು ಮೂರನೆಯ ಮಾತು: ‘ಹೆಂಗಸರಿಗೇನು ಗೊತ್ತು, ಗಂಡ ಹೇಳಿದ ಕಡೆ ಒತ್ತುತ್ತಾರೆ.’ ಮುಸ್ಲಿಮ್ ಮಹಿಳೆಯ ವಿಷಯ ಬಂದರೆ ನಾಲ್ಕನೆಯ ಮಾತೂ ಇದೆ: ‘ಬುರ್ಖಾದ ಮರೆಯಲ್ಲಿ ಆಕೆ ಗುಟ್ಟಾಗಿ ಬೇರೆಯವರಿಗೆ ಹಾಕಿದ್ದಾಳೆ.’

ಈ ನಾಲ್ಕು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. ಹೆಂಗಸರು ಗಂಡ ಹೇಳಿದಂತೆ ಓಟು ಹಾಕುವುದಾದರೆ ‘ಮಹಿಳಾ ಮತ’ ಎಂಬ ಬೇರೆ ಮತವೇ ಇಲ್ಲ. ಬೇರೆ ಮತ ಇರುವುದಾದರೆ ಗಂಡ ಹೇಳಿದ್ದು ನಡೆದಿಲ್ಲ. ಆದರೂ ಒಬ್ಬನೇ ಮನುಷ್ಯ ಬೆಳಿಗ್ಗೆ ಒಂದನ್ನೂ ಸಂಜೆ ಇನ್ನೊಂದನ್ನೂ ಹೇಳುವುದನ್ನು ನಾವು ದಿನವೂ ಕೇಳುತ್ತೇವೆ. ಕಾರಣ ಸ್ಪಷ್ಟ. ಮತಗಟ್ಟೆಗೆ ಹೋದ ಹೆಣ್ಣಿಗೆ ಸ್ವಂತ ವಿವೇಚನೆ ಇದೆ ಎಂದು ಒಪ್ಪದಿರುವುದೇ ಈ ನಾಲ್ಕೂ ಮಾತುಗಳ ಬೇರು. ಒಂದರಲ್ಲಿ ಆಕೆ ಉಪಕಾರ ತೀರಿಸುವವಳು, ಇನ್ನೊಂದರಲ್ಲಿ ಮಾರಾಟವಾಗುವವಳು, ಮತ್ತೊಂದರಲ್ಲಿ ಗಂಡನ ನೆರಳು, ಕೊನೆಯದರಲ್ಲಿ ತನ್ನ ಸಮುದಾಯಕ್ಕೆ ದ್ರೋಹ ಬಗೆಯುವವಳು. ಯೋಚಿಸಿ ಓಟು ಹಾಕಿದ ಪ್ರಜೆ ಮಾತ್ರ ಎಲ್ಲೂ ಇಲ್ಲ.

ಲಿಂಗವು ಮತವನ್ನು ನಿರ್ಧರಿಸುತ್ತದೆಯೇ ಎಂಬ ಪ್ರಶ್ನೆಯನ್ನು ಪಂಡಿತರ ಪುಸ್ತಕಗಳಲ್ಲಿ ಹುಡುಕುವ ಮೊದಲು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಆನೇಕಲ್ ತಾಲ್ಲೂಕಿನಲ್ಲಿ ಹುಡುಕುವುದು ಒಳ್ಳೆಯದು. ಏಕೆಂದರೆ ಉತ್ತರಕ್ಕೆ ಬೇಕಾದ ಎಲ್ಲವೂ ಅಲ್ಲಿದೆ. ರೇಷ್ಮೆ ನೇಯ್ಗೆಯ ಹಳೆಯ ಊರು, ರಾಗಿ ಹೊಲಗಳು, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶ, ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು, ಚಂದಾಪುರ ಮತ್ತು ಸರ್ಜಾಪುರದ ಬಾಡಿಗೆ ಮನೆಗಳು, ಅತ್ತಿಬೆಲೆ ದಾಟಿದರೆ ತಮಿಳುನಾಡು. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸು, ಕಂಪ್ಯೂಟರ್ ಮುಂದೆ ಕೂರುವ ಹೆಂಗಸು, ಮಗ್ಗದ ಮನೆಯ ಹೆಂಗಸು, ಅಪಾರ್ಟ್‌ಮೆಂಟ್‌ನಲ್ಲಿ ಮನೆಗೆಲಸ ಮಾಡುವ ಹೆಂಗಸು, ಎಲ್ಲರೂ ಒಂದೇ ತಾಲ್ಲೂಕಿನ ಮತದಾರರು. ಇವರೆಲ್ಲರೂ ಹೆಣ್ಣಾದ ಮಾತ್ರಕ್ಕೆ ಒಂದೇ ಗುಂಡಿ ಒತ್ತುತ್ತಾರೆ ಎಂದು ನಂಬುವವರು ಒಂದು ದಿನ ಸಂಜೆ ಆರು ಗಂಟೆಗೆ ಚಂದಾಪುರದ ವೃತ್ತದಲ್ಲಿ ನಿಂತು ನೋಡಬೇಕು.

ಇಪ್ಪತ್ತು ವರ್ಷಗಳ ಸಾಕ್ಷ್ಯ

ಮೊದಲಿಗೆ, ‘ಹೆಣ್ಣು ಹೆಣ್ಣಿಗೆ ಓಟು ಹಾಕುತ್ತಾಳೆ’ ಎಂಬ ವಾದವನ್ನು ನೋಡೋಣ. 2004ರಲ್ಲಿ ಆನೇಕಲ್ ಕನಕಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿತ್ತು. ಆ ವರ್ಷ ಅಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರನ್ನು ಟಿವಿ ಪತ್ರಕರ್ತೆಯಾಗಿದ್ದ ತೇಜಸ್ವಿನಿ ಶ್ರೀರಮೇಶ್ ಕಾಂಗ್ರೆಸ್ಸಿನಿಂದ ನಿಂತು ಸೋಲಿಸಿದರು. ದೇಶವೇ ಬೆರಗಾದ ಫಲಿತಾಂಶ ಅದು. ಹೆಣ್ಣಿನ ಗೆಲುವು ಎಂದು ಹೊಗಳಿದವರೂ ಇದ್ದರು. ಮುಂದೆ ಕ್ಷೇತ್ರ ಪುನರ್ವಿಂಗಡಣೆಯಾಗಿ ಬೆಂಗಳೂರು ಗ್ರಾಮಾಂತರ ಕ್ಷೇತ್ರ ಬಂತು. 2009ರಲ್ಲಿ ಅದೇ ತೇಜಸ್ವಿನಿ, ಅದೇ ಪಕ್ಷದಿಂದ ನಿಂತು ಮೂರನೆಯ ಸ್ಥಾನಕ್ಕೆ ಇಳಿದರು. ಗೆದ್ದವರು ಎಚ್.ಡಿ. ಕುಮಾರಸ್ವಾಮಿ. ಐದು ವರ್ಷಗಳಲ್ಲಿ ಅಭ್ಯರ್ಥಿಯ ಲಿಂಗ ಬದಲಾಗಿರಲಿಲ್ಲ. ಬದಲಾದದ್ದು ಕ್ಷೇತ್ರದ ಗಡಿ, ಪಕ್ಷಗಳ ಬಲಾಬಲ, ಎದುರು ನಿಂತವರು ಮತ್ತು ಕಾಲದ ಗಾಳಿ.

ಇದೇ ಕ್ಷೇತ್ರದಲ್ಲಿ 2013ರ ಆಗಸ್ಟಿನ ಉಪಚುನಾವಣೆಯಲ್ಲಿ ಅನಿತಾ ಕುಮಾರಸ್ವಾಮಿ ಅವರು ಡಿ.ಕೆ. ಸುರೇಶ್ ಎದುರು ಸೋತರು. ಅದೇ ಅನಿತಾ ಅವರು 2018ರ ನವೆಂಬರಿನಲ್ಲಿ ಈ ಲೋಕಸಭಾ ಕ್ಷೇತ್ರದೊಳಗಿನ ರಾಮನಗರ ವಿಧಾನಸಭಾ ಉಪಚುನಾವಣೆಯಲ್ಲಿ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆಗ ಕಾಂಗ್ರೆಸ್ ಮತ್ತು ಜನತಾದಳ ಒಂದಾಗಿದ್ದವು, ಬಿಜೆಪಿಯ ಅಭ್ಯರ್ಥಿ ಮತದಾನಕ್ಕೆ ಮುಂಚೆಯೇ ಕಣ ಬಿಟ್ಟು ಕಾಂಗ್ರೆಸ್ಸಿಗೆ ಹೋಗಿದ್ದರು. ರಾಮನಗರದ ಹೆಂಗಸರು 2013ರಲ್ಲಿ ಹೆಣ್ಣನ್ನು ದ್ವೇಷಿಸುತ್ತಿದ್ದರು, 2018ರಲ್ಲಿ ಪ್ರೀತಿಸತೊಡಗಿದರು ಎಂದು ಯಾರಾದರೂ ಹೇಳುತ್ತಾರೆಯೇ? ಹೇಳುವುದಿಲ್ಲ. ಅಲ್ಲಿ ಕುಟುಂಬ, ಪಕ್ಷ, ಜಾತಿ, ಮೈತ್ರಿ ಎಂಬ ಕಾರಣಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಹಾಗಿದ್ದರೆ ಬೇರೆ ಕಡೆ ಇವೇ ಕಾರಣಗಳು ಏಕೆ ಕಣ್ಣಿಗೆ ಬೀಳುವುದಿಲ್ಲ?

ಇನ್ನು ‘ಗ್ಯಾರಂಟಿ ಓಟಿ’ನ ಮಾತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ 135 ಸ್ಥಾನಗಳೊಂದಿಗೆ ಅಧಿಕಾರಕ್ಕೆ ಬಂತು. ಪರಿಶಿಷ್ಟ ಜಾತಿಗೆ ಮೀಸಲಾದ ಆನೇಕಲ್ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಬಿ. ಶಿವಣ್ಣ ಗೆದ್ದರು. ಗೃಹಲಕ್ಷ್ಮಿಯ ಭರವಸೆಯೇ ಗೆಲ್ಲಿಸಿತು ಎಂದು ವಿಶ್ಲೇಷಣೆ ಬಂತು. ಆದರೆ ಶಿವಣ್ಣ ಅವರು 2013ರಲ್ಲೂ ಗೆದ್ದಿದ್ದರು, 2018ರಲ್ಲೂ ಗೆದ್ದಿದ್ದರು. ಆಗ ಯಾವ ಗೃಹಲಕ್ಷ್ಮಿಯೂ ಇರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆಯ ಬಸ್ಸು ಹೊರಟಿತು. ಆಗಸ್ಟ್ 30ರಂದು ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಅಂದರೆ ಭರವಸೆ ಮಾತಾಗಿ ಉಳಿಯದೆ ಕೈಗೆ ಬಂದದ್ದು ಚುನಾವಣೆಯ ನಂತರ. ಹೆಂಗಸರು ಹಣಕ್ಕೆ ಓಟು ಕೊಡುವವರಾಗಿದ್ದರೆ 2024ರ ಲೋಕಸಭೆಯಲ್ಲಿ ಅದರ ಪ್ರತಿಫಲ ಕಾಣಬೇಕಿತ್ತು.

ಕಂಡದ್ದೇನು? 2024ರ ಏಪ್ರಿಲ್ 26ರಂದು ಆನೇಕಲ್ ಸೇರಿದ ಬೆಂಗಳೂರು ಗ್ರಾಮಾಂತರದಲ್ಲಿ ಮತದಾನವಾಯಿತು. ಉಪಮುಖ್ಯಮಂತ್ರಿಯ ತಮ್ಮ, 2019ರಲ್ಲಿ ರಾಜ್ಯದಿಂದ ಗೆದ್ದ ಏಕೈಕ ಕಾಂಗ್ರೆಸ್ ಸಂಸದ ಡಿ.ಕೆ. ಸುರೇಶ್ ಅವರನ್ನು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಬಿಜೆಪಿಯಿಂದ ನಿಂತು 2.69 ಲಕ್ಷ ಮತಗಳ ಅಂತರದಿಂದ ಸೋಲಿಸಿದರು. ಜಯದೇವ ಆಸ್ಪತ್ರೆಯಲ್ಲಿ ಗಳಿಸಿದ ಹೆಸರು, ದೇವೇಗೌಡರ ಅಳಿಯ ಎಂಬ ನಂಟು, ಬಿಜೆಪಿ–ಜನತಾದಳದ ಮೈತ್ರಿ, ಒಕ್ಕಲಿಗರ ಓಟು, ನರೇಂದ್ರ ಮೋದಿ ಅವರ ಹೆಸರು, ಇವೆಲ್ಲವೂ ಕೆಲಸ ಮಾಡಿದವು. ಇಷ್ಟು ದೊಡ್ಡ ಅಂತರ ಗಂಡಸರ ಓಟಿನಿಂದಷ್ಟೇ ಬರಲಾರದು. ತಿಂಗಳಿಗೆ ಎರಡು ಸಾವಿರ ಪಡೆದ ಸಾವಿರಾರು ಹೆಂಗಸರು ಹಣ ಕೊಟ್ಟ ಪಕ್ಷಕ್ಕೆ ಓಟು ಹಾಕಲಿಲ್ಲ ಎಂದೇ ಇದರ ಅರ್ಥ. ಅವರು ಸರಿ ಮಾಡಿದರೋ ತಪ್ಪು ಮಾಡಿದರೋ ಎಂಬುದು ಬೇರೆ ಚರ್ಚೆ. ಆದರೆ ಅವರು ಮಾರಾಟಕ್ಕಿರಲಿಲ್ಲ ಎಂಬುದಂತೂ ನಿಜ. ‘ಎರಡು ಸಾವಿರಕ್ಕೆ ಮಾರಿಕೊಂಡರು’ ಎಂದು 2023ರಲ್ಲಿ ಹಂಗಿಸಿದವರು 2024ರ ಫಲಿತಾಂಶ ನೋಡಿ ಆ ಹೆಂಗಸರ ಕ್ಷಮೆ ಕೇಳಿದರೇ?

ಅತ್ತಿಬೆಲೆಯ ಆಚೆ ಈಚೆ

ಈ ಲೆಕ್ಕವನ್ನು ಇನ್ನೂ ಸ್ಪಷ್ಟವಾಗಿ ನೋಡಬೇಕೆಂದರೆ ಅತ್ತಿಬೆಲೆಯ ಗಡಿಗೆ ಹೋಗಬೇಕು. ಗಡಿಯ ಆಚೆ ಹೊಸೂರು. ಅಲ್ಲಿ 2021ರ ಮೇ ತಿಂಗಳಿಂದ ಸಾಮಾನ್ಯ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. 2023ರ ಸೆಪ್ಟೆಂಬರಿನಿಂದ ಅರ್ಹ ಮಹಿಳೆಯರ ಖಾತೆಗೆ ತಿಂಗಳಿಗೆ ಸಾವಿರ ರೂಪಾಯಿ ಬೀಳತೊಡಗಿತು. ಗಡಿಯ ಈಚೆ ಅತ್ತಿಬೆಲೆ. ಇಲ್ಲಿಯೂ ಬಿಟ್ಟಿ ಬಸ್ಸು, ಸಾವಿರದ ಬದಲು ಎರಡು ಸಾವಿರ. ಒಂದು ವಾರದ ಅಂತರದಲ್ಲಿ ಎರಡೂ ಕಡೆ ಓಟು ನಡೆಯಿತು. ಹೊಸೂರು ಸೇರಿದ ಕೃಷ್ಣಗಿರಿಯಲ್ಲಿ ಕಾಂಗ್ರೆಸ್ಸಿನ ಕೆ. ಗೋಪಿನಾಥ್ ಗೆದ್ದರು. ಆನೇಕಲ್ ಸೇರಿದ ಬೆಂಗಳೂರು ಗ್ರಾಮಾಂತರದಲ್ಲಿ ಕಾಂಗ್ರೆಸ್ ಸೋತಿತು. ಒಂದೇ ಬಗೆಯ ಬಸ್ಸು, ಒಂದೇ ಬಗೆಯ ಸಹಾಯಧನ, ಒಂದೇ ಹೆದ್ದಾರಿ, ಒಂದೇ ಕಾರ್ಖಾನೆಗಳಿಗೆ ಬರುವ ಹೆಂಗಸರು. ಫಲಿತಾಂಶ ಮಾತ್ರ ಬೇರೆ. ಹೆಚ್ಚು ಹಣ ಕೊಟ್ಟ ಕಡೆಯೇ ಸೋಲು! ಇದಕ್ಕೆ ಲಿಂಗ ಉತ್ತರ ಕೊಡುವುದಿಲ್ಲ. ಎರಡು ರಾಜ್ಯಗಳ ರಾಜಕೀಯ ಚರಿತ್ರೆ ಉತ್ತರ ಕೊಡುತ್ತದೆ.

ದೆಹಲಿಯದೂ ಇದೇ ಕತೆ. 2019ರ ಅಕ್ಟೋಬರಿನಲ್ಲಿ ಅಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. 2020ರ ಫೆಬ್ರವರಿಯಲ್ಲಿ ಆಮ್ ಆದ್ಮಿ ಪಕ್ಷ 70ರಲ್ಲಿ 62 ಸ್ಥಾನ ಗೆದ್ದಾಗ ಬಸ್ಸೇ ಗೆಲ್ಲಿಸಿತು ಎಂದರು. 2025ರಲ್ಲಿ ಬಸ್ಸು ಹಾಗೆಯೇ ಓಡುತ್ತಿತ್ತು. ಪಕ್ಷ 22ಕ್ಕೆ ಇಳಿಯಿತು. ಕರ್ನಾಟಕದಲ್ಲೇ ನೋಡಿ. 2006–07ರ ಭಾಗ್ಯಲಕ್ಷ್ಮಿ ಯೋಜನೆ, ಹೈಸ್ಕೂಲು ಹುಡುಗಿಯರಿಗೆ ಸೈಕಲ್, 2007ರ ಜುಲೈಯಿಂದ ಸಾರಾಯಿ ನಿಷೇಧ, ಇವೆಲ್ಲ ಹೆಂಗಸರಿಗೆ ಹತ್ತಿರದ ಕಾರ್ಯಕ್ರಮಗಳೇ. ಇವುಗಳ ಹೆಸರು ಹೇಳಿಕೊಂಡು ಓಟು ಕೇಳಿದ ಬಿಜೆಪಿ 2008ರಲ್ಲಿ 110 ಸ್ಥಾನ ಗಳಿಸಿತು, 2013ರಲ್ಲಿ ಒಡೆದು ಹೋಳಾಗಿ 40ಕ್ಕೆ ಕುಸಿಯಿತು.

‘ಬಿಹಾರವನ್ನು ಮರೆತಿರಾ?’ ಎಂದು ಕೇಳುವವರಿದ್ದಾರೆ. 2025ರ ನವೆಂಬರಿನ ಬಿಹಾರ ಚುನಾವಣೆಗೆ ಮೊದಲು ಮಹಿಳೆಯರ ಖಾತೆಗಳಿಗೆ ಹತ್ತು ಸಾವಿರ ರೂಪಾಯಿ ಹಾಕಲಾಯಿತು. ಹೆಂಗಸರ ಮತದಾನ ಗಂಡಸರಿಗಿಂತ ಸುಮಾರು ಒಂಬತ್ತು ಶೇಕಡಾಂಶ ಹೆಚ್ಚಿತ್ತು. ಆಡಳಿತಾರೂಢ ಮೈತ್ರಿಕೂಟ 243ರಲ್ಲಿ 202 ಸ್ಥಾನ ಗೆದ್ದಿತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಒಂಬತ್ತು ಶೇಕಡಾಂಶದ ಹಿಂದೆ ಇನ್ನೊಂದು ಸತ್ಯ ಇದೆ, ಅದು ನಮ್ಮ ಜಿಗಣಿ, ಬೊಮ್ಮಸಂದ್ರದ ಶೆಡ್ಡುಗಳಲ್ಲಿ ಕಾಣಸಿಗುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಬಿಹಾರದ ಗಂಡಸರಲ್ಲಿ ದೊಡ್ಡ ಸಂಖ್ಯೆಯವರು ಓಟಿನ ದಿನ ಊರಲ್ಲೇ ಇರುವುದಿಲ್ಲ. ದೂರದ ಊರುಗಳ ಕಾರ್ಖಾನೆಯಲ್ಲೋ ಕಟ್ಟಡದ ಸಾರುವೆಯ ಮೇಲೋ ಇರುತ್ತಾರೆ. ಅವರು ಇಲ್ಲದ ಜಾಗದಲ್ಲಿ ಹೆಂಗಸರ ಸಾಲು ಉದ್ದವಾಗಿ ಕಾಣುತ್ತದೆ. ಗುಳೆ ಹೋದ ಗಂಡಸಿನ ಕತೆಯನ್ನು ಮರೆತು ಸಾಲಿನಲ್ಲಿ ನಿಂತ ಹೆಂಗಸಿನ ಕತೆಯನ್ನಷ್ಟೇ ಹೇಳಿದರೆ ಅದು ಅರ್ಧ ಸತ್ಯ.

ಎಣಿಸಿದವರು ಕಂಡದ್ದು

ಇಷ್ಟಕ್ಕೂ ಹೆಂಗಸರು ಯಾರಿಗೆ ಓಟು ಹಾಕಿದರು ಎಂದು ಹೇಳುವವರಿಗೆ ಅದು ಗೊತ್ತಾದದ್ದು ಹೇಗೆ? ನಮ್ಮ ಮತಯಂತ್ರ ಒತ್ತಿದ ಬೆರಳು ಹೆಣ್ಣಿನದೋ ಗಂಡಿನದೋ ಎಂದು ದಾಖಲಿಸುವುದಿಲ್ಲ. ಎಷ್ಟು ಹೆಂಗಸರು ಓಟು ಹಾಕಿದರು ಎಂಬ ಲೆಕ್ಕ ಚುನಾವಣಾ ಆಯೋಗದಲ್ಲಿ ಸಿಗುತ್ತದೆ. ಯಾರಿಗೆ ಹಾಕಿದರು ಎಂಬುದು ಸಿಗುವುದಿಲ್ಲ. ಅದಕ್ಕೆ ಇರುವುದು ಸಮೀಕ್ಷೆ ಮಾತ್ರ. ಹೆಂಗಸರ ಸಾಲು ಉದ್ದ ಇದ್ದ ಕಡೆ ಇಂಥ ಪಕ್ಷ ಗೆದ್ದಿತು, ಆದ್ದರಿಂದ ಹೆಂಗಸರೇ ಗೆಲ್ಲಿಸಿದರು ಎನ್ನುವುದು, ಮಳೆ ಬಂದ ದಿನ ಗೆದ್ದಿತು, ಆದ್ದರಿಂದ ಮಳೆಯೇ ಗೆಲ್ಲಿಸಿತು ಎಂದಷ್ಟೇ ತೂಕದ ಮಾತು.

ಹೆಣ್ಣು ಗಂಡಿನ ಮತವನ್ನು ನಿಜವಾಗಿ ಬೇರೆ ಬೇರೆಯಾಗಿ ಎಣಿಸಿದ ದೇಶವೊಂದಿದೆ, ದಕ್ಷಿಣ ಅಮೆರಿಕದ ಚಿಲಿ. ಅಲ್ಲಿ ದಶಕಗಳ ಕಾಲ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಮತಗಟ್ಟೆಗಳಿದ್ದವು. 1970ರಲ್ಲಿ ಸಮಾಜವಾದಿ ಸಾಲ್ವಡಾರ್ ಅಯೆಂದೆ ಅಧ್ಯಕ್ಷರಾದಾಗ ಗಂಡಸರಲ್ಲಿ ಸುಮಾರು ಶೇ. 42 ಮಂದಿ ಅವರಿಗೆ ಓಟು ಹಾಕಿದ್ದರು, ಹೆಂಗಸರಲ್ಲಿ ಸುಮಾರು ಶೇ. 31 ಮಾತ್ರ. ಹೆಂಗಸರು ಸ್ವಭಾವತಃ ಬಲಪಂಥೀಯರು ಎಂದು ಆಗ ಹಲವರು ತೀರ್ಮಾನಿಸಿದರು. 2006ರ ಅಂತಿಮ ಸುತ್ತಿನಲ್ಲಿ ಸಮಾಜವಾದಿ ಪಕ್ಷದ ಮಿಶೆಲ್ ಬಾಚೆಲೆ ಗೆದ್ದಾಗ ಹೆಂಗಸರೂ ಗಂಡಸರೂ ಹೆಚ್ಚೂಕಡಿಮೆ ಒಂದೇ ಪ್ರಮಾಣದಲ್ಲಿ, ಶೇ. 53ಕ್ಕೆ ಸ್ವಲ್ಪ ಹೆಚ್ಚು, ಅವರಿಗೆ ಓಟು ಹಾಕಿದ್ದರು. ಹೆಣ್ಣಿನ ಸ್ವಭಾವ ಬದಲಾಯಿತೇ? ಇಲ್ಲ. ಅವಳ ಕೆಲಸ, ಓದು, ಕಾಲ ಬದಲಾದವು. ಅಮೆರಿಕದಲ್ಲಿ 2016ರಲ್ಲಿ ಹಿಲರಿ ಕ್ಲಿಂಟನ್ ಎಂಬ ಮಹಿಳೆ ನಿಂತಿದ್ದರು. ಸಮೀಕ್ಷೆಗಳ ಪ್ರಕಾರ ಕಪ್ಪು ಮಹಿಳೆಯರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಅವರಿಗೆ ಓಟು ಹಾಕಿದರು. ಬಿಳಿಯ ಮಹಿಳೆಯರಲ್ಲಿ ಅವರಿಗಿಂತ ಡೊನಾಲ್ಡ್ ಟ್ರಂಪ್ ಅವರಿಗೇ ಹೆಚ್ಚು ಓಟು ಬಿತ್ತು. ಇಬ್ಬರೂ ಹೆಂಗಸರೇ. ಬಣ್ಣ ಬೇರೆ, ಚರಿತ್ರೆ ಬೇರೆ.

ನಮ್ಮ ದೇಶದಲ್ಲೂ ಲೋಕನೀತಿ–ಸಿಎಸ್‌ಡಿಎಸ್ ನಡೆಸುತ್ತ ಬಂದಿರುವ ಲೋಕಸಭಾ ಚುನಾವಣಾ ಸಮೀಕ್ಷೆಗಳಲ್ಲಿ ಬಿಜೆಪಿಯ ಓಟಿನಲ್ಲಿ ಹೆಣ್ಣು ಗಂಡಿನ ನಡುವಿನ ಅಂತರ ಕೆಲವೇ ಶೇಕಡಾಂಶ. ಮೇಲ್ಜಾತಿಯ ಹಿಂದೂಗಳಿಗೂ ಮುಸ್ಲಿಮರಿಗೂ ನಡುವಿನ ಅಂತರ ನಲವತ್ತು ಶೇಕಡಾಂಶಕ್ಕೂ ಮೇಲೆ. ಒಂದು ಬಿರುಕು, ಇನ್ನೊಂದು ಕಂದಕ. ಕಂದಕವನ್ನು ಬಿಟ್ಟು ಬಿರುಕನ್ನು ಅಳೆಯುತ್ತ ಕೂರುವ ವಿಶ್ಲೇಷಕರಿಗೆ ಏನು ಹೇಳೋಣ?

ನಮ್ಮ ಅಕ್ಕತಂಗಿಯರ ಹೆಸರಿನಲ್ಲಿ

ಈ ಹುಸಿ ಲೆಕ್ಕದ ದುರುಪಯೋಗ ಅತಿ ಹೆಚ್ಚಾಗಿರುವುದು ಮುಸ್ಲಿಮ್ ಮಹಿಳೆಯರ ವಿಷಯದಲ್ಲಿ. 2017ರಲ್ಲಿ ಉತ್ತರ ಪ್ರದೇಶದಲ್ಲಿ ಬಿಜೆಪಿ 403ರಲ್ಲಿ 312 ಸ್ಥಾನ ಗೆದ್ದಾಗ, ತ್ರಿವಳಿ ತಲಾಖ್‌ನಿಂದ ನೊಂದ ಮುಸ್ಲಿಮ್ ಮಹಿಳೆಯರು ಗುಟ್ಟಾಗಿ ಓಟು ಹಾಕಿದ್ದಾರೆ ಎಂಬ ಕತೆ ಹಬ್ಬಿತು. ಯಾವ ಎಣಿಕೆಯೂ ಇಲ್ಲದ ಈ ಕತೆಯನ್ನು ದೊಡ್ಡ ದೊಡ್ಡವರು ಹೇಳಿದರು. ಆ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, 2019ರ ಜುಲೈಯಲ್ಲಿ ಕಾನೂನೂ ಬಂತು. ಆದರೆ ಲೋಕನೀತಿ ಸಮೀಕ್ಷೆಗಳಲ್ಲಿ ಮುಸ್ಲಿಮರಲ್ಲಿ ಬಿಜೆಪಿಗೆ ಓಟು ಹಾಕಿದವರ ಪ್ರಮಾಣ 2014ರಲ್ಲಿ ಸುಮಾರು ಶೇ. 8 ಇದ್ದದ್ದು 2019ರಲ್ಲೂ ಅಷ್ಟೇ ಇತ್ತು. ತಲಾಖ್‌ನ ಅನ್ಯಾಯ ಅನುಭವಿಸಿದ ಹೆಣ್ಣು ಆ ಅನ್ಯಾಯವನ್ನು ವಿರೋಧಿಸಬಲ್ಲಳು. ಅದರ ಜೊತೆಗೇ ತನ್ನ ಮಗನ ಸುರಕ್ಷತೆ, ಗಂಡನ ತಳ್ಳುಗಾಡಿ, ಮಗಳ ಶಾಲೆ ಇವುಗಳನ್ನೂ ಲೆಕ್ಕಹಾಕಬಲ್ಲಳು. ಆಕೆಗೆ ಒಂದೇ ಒಂದು ನೋವು ಇದೆ ಎಂದು ತೀರ್ಮಾನಿಸಿದವರು ಅವಳ ಬಂಧುಗಳಲ್ಲ.

ಉಡುಪಿಯನ್ನೂ ನೆನಪಿಸಿಕೊಳ್ಳೋಣ. 2022ರಲ್ಲಿ ಅಲ್ಲಿನ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ತೊಟ್ಟ ವಿದ್ಯಾರ್ಥಿನಿಯರು ತರಗತಿಯ ಹೊರಗೆ ಕುಳಿತದ್ದನ್ನು ದೇಶ ನೋಡಿತು. ಮಾರ್ಚ್ 15ರಂದು ಹೈಕೋರ್ಟು ಅವರ ಅರ್ಜಿಗಳನ್ನು ವಜಾ ಮಾಡಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೆಣ್ಣುಮಕ್ಕಳ ಓದಿನ ಪ್ರಶ್ನೆ ಎಲ್ಲ ಹೆಂಗಸರನ್ನೂ ಕಲಕುವುದಾದರೆ, ಗಂಡಸರಿಗಿಂತ ಹೆಂಗಸು ಮತದಾರರೇ ಹೆಚ್ಚಿರುವ ಉಡುಪಿ ಜಿಲ್ಲೆಯಲ್ಲಿ 2023ರಲ್ಲಿ ಅದು ಕಾಣಬೇಕಿತ್ತು. ಅಲ್ಲಿನ ಐದೂ ಸ್ಥಾನಗಳನ್ನು ಬಿಜೆಪಿ ಗೆದ್ದಿತು. ಆ ಕಾಲೇಜಿನ ಅಭಿವೃದ್ಧಿ ಸಮಿತಿಯ ಉಪಾಧ್ಯಕ್ಷರಾಗಿದ್ದ ಯಶಪಾಲ್ ಸುವರ್ಣ ಉಡುಪಿಯ ಶಾಸಕರಾದರು. ಅದೇ ಚುನಾವಣೆಯಲ್ಲಿ ಕಲಬುರಗಿ ಉತ್ತರದಿಂದ ಹಿಜಾಬ್ ಪರ ಪ್ರತಿಭಟನೆಯಲ್ಲಿ ಮುಂದೆ ನಿಂತಿದ್ದ ಕನೀಜ್ ಫಾತಿಮಾ ಮತ್ತೆ ಗೆದ್ದರು. ಅವರನ್ನು ಗೆಲ್ಲಿಸಿದವರಲ್ಲಿ ಗಂಡಸರೂ ಹೆಂಗಸರೂ ಇದ್ದರು. ಸೋದರಿಯರ ಒಗ್ಗಟ್ಟು ತಾನಾಗಿ ಹುಟ್ಟುವುದಿಲ್ಲ. ಅದನ್ನು ಕಟ್ಟಬೇಕು. ಕಟ್ಟದೆ ಇರುವಾಗ ಹೆಣ್ಣು ತನ್ನ ಧರ್ಮದ, ಜಾತಿಯ, ಪಕ್ಷದ ಜೊತೆ ನಿಲ್ಲುತ್ತಾಳೆ, ಗಂಡು ನಿಂತ ಹಾಗೆಯೇ.

ಹೊರಗಿನವರ ತಪ್ಪನ್ನು ಹೇಳಿ ನಮ್ಮವರದನ್ನು ಮುಚ್ಚಿಡುವುದು ನ್ಯಾಯವಲ್ಲ. ‘ನಮ್ಮ ಮೊಹಲ್ಲಾದ ಐನೂರು ಓಟು ನಿಮಗೇ’ ಎಂದು ಅಭ್ಯರ್ಥಿಗೆ ಮಾತು ಕೊಡುವ ಜಮಾಅತಿನ ಯಜಮಾನರು ಆ ಐನೂರರಲ್ಲಿ ಅರ್ಧದಷ್ಟಿರುವ ಹೆಂಗಸರನ್ನು ಒಂದು ಮಾತು ಕೇಳಿರುತ್ತಾರೆಯೇ? ಚುನಾವಣೆಯ ಬಗ್ಗೆ ನಡೆಯುವ ಸಭೆಯಲ್ಲಿ ಅವರಿಗೆ ಒಂದು ಕುರ್ಚಿ ಇರುತ್ತದೆಯೇ? ಪವಿತ್ರ ಕುರ್‌ಆನಿನ ಅಲ್ ಮುಮ್ತಹಿನ ಅಧ್ಯಾಯದ 12ನೆಯ ಸೂಕ್ತ ಮಹಿಳೆಯರ ಪ್ರತಿಜ್ಞೆಯ ಕುರಿತು ಹೇಳುತ್ತದೆ. ಸತ್ಯವಿಶ್ವಾಸಿ ಮಹಿಳೆಯರು ಪ್ರವಾದಿವರ್ಯರ (ಸ) ಬಳಿಗೆ ಬಂದು ತಾವೇ ಬೈಅತ್ ಮಾಡಿದರು. ಅವರ ಪರವಾಗಿ ಗಂಡನೋ ತಂದೆಯೋ ಮಾಡಲಿಲ್ಲ. ಎರಡನೆಯ ಅಕಬಾ ಪ್ರತಿಜ್ಞೆಗೆ ಮದೀನಾದಿಂದ ಬಂದವರಲ್ಲಿ ನುಸೈಬಾ ಮತ್ತು ಅಸ್ಮಾ ಎಂಬ ಇಬ್ಬರು ಮಹಿಳೆಯರಿದ್ದರು ಎಂಬುದು ಚರಿತ್ರೆ. ಹದಿನಾಲ್ಕು ಶತಮಾನಗಳ ಹಿಂದೆ ಹೆಣ್ಣಿನ ಮಾತಿಗೆ ಬೇರೆಯಾಗಿ ಬೆಲೆ ಇತ್ತು. ಇಂದು ಅದನ್ನು ಮನೆಯ ಯಜಮಾನನ ಜೇಬಿಗೆ ಹಾಕುವ ಹಕ್ಕು ಯಾರಿಗೆ ಸಿಕ್ಕಿತು?

ಹಾಗಾದರೆ ಲಿಂಗ ಏನೂ ಅಲ್ಲವೇ?

ಹಾಗೆ ಹೇಳುವುದೂ ಸುಳ್ಳಾಗುತ್ತದೆ. ಹೆಣ್ಣಾಗಿರುವುದು ಮತಯಂತ್ರದ ಮುಂದೆ ಯಾವ ಗುಂಡಿ ಎಂಬುದನ್ನು ತೀರ್ಮಾನಿಸುವುದಿಲ್ಲ. ಆದರೆ ಆ ಯಂತ್ರದವರೆಗೆ ತಲುಪುತ್ತಾಳೆಯೇ, ತಲುಪುವಾಗ ಮನಸ್ಸಿನಲ್ಲಿ ಯಾವ ಪ್ರಶ್ನೆ ಹೊತ್ತಿರುತ್ತಾಳೆ ಎಂಬುದನ್ನು ಖಂಡಿತ ತೀರ್ಮಾನಿಸುತ್ತದೆ. ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲೇ, 1951–52ರಲ್ಲಿ, ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಅವರು ತಮ್ಮ ಹೆಸರು ಹೇಳದೆ ‘ಇಂಥವನ ಹೆಂಡತಿ’, ‘ಇಂಥವನ ಮಗಳು’ ಎಂದು ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಹೆಸರಿಲ್ಲದವಳಿಗೆ ಓಟಿಲ್ಲ ಎಂಬ ಆ ಕಠಿಣ ನಿಲುವು ಮುಂದಿನ ಪಟ್ಟಿಗಳಲ್ಲಿ ಹೆಣ್ಣಿಗೆ ಅವಳ ಹೆಸರನ್ನು ಕೊಡಿಸಿತು. 1962ರಲ್ಲಿ ಗಂಡಸರಿಗೂ ಹೆಂಗಸರಿಗೂ ಮತದಾನದಲ್ಲಿ ಸುಮಾರು 17 ಶೇಕಡಾಂಶದ ಅಂತರವಿತ್ತು. 2019ರ ಲೋಕಸಭೆಯ ಹೊತ್ತಿಗೆ ಹೆಂಗಸರು ಕೂದಲೆಳೆಯಷ್ಟು ಮುಂದೆ ಬಂದರು. ಈ ಐವತ್ತೇಳು ವರ್ಷಗಳ ನಡಿಗೆಯೇ ನಿಜವಾದ ಮಹಿಳಾ ಕ್ರಾಂತಿ. ಅದು ಯಾವುದೇ ಪಕ್ಷದ ಕೊಡುಗೆಯಲ್ಲ.

ಇದರಲ್ಲಿ ಕರ್ನಾಟಕದ ಪಾಲೂ ಇದೆ. ‘ನೀರ್ ಸಾಬ್’ ಎಂದು ಜನ ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ತಂದ 1983ರ ಪಂಚಾಯತ್ ಕಾಯ್ದೆ ಹೆಂಗಸರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟಿತು. ದೇಶದ ಉಳಿದ ಭಾಗಕ್ಕೆ ಆ ಯೋಚನೆ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. 1987ರಲ್ಲಿ ಸಾವಿರಾರು ಹೆಂಗಸರು ಮಂಡಲ ಪಂಚಾಯಿತಿಗಳಿಗೆ ಬಂದಾಗ ‘ಗಂಡಂದಿರೇ ಆಡಳಿತ ನಡೆಸುತ್ತಾರೆ’ ಎಂದು ನಕ್ಕರು. ಕೆಲವು ಕಡೆ ಹಾಗಾದದ್ದೂ ನಿಜ. ಆದರೆ ಗ್ರಾಮಸಭೆಯಲ್ಲಿ ಕೊಳವೆಬಾವಿಯ ಮಾತು, ಕಕ್ಕಸಿನ ಮಾತು, ಅಂಗನವಾಡಿಯ ಮಾತು ಎದ್ದದ್ದು ಆ ಹೆಂಗಸರು ಅಲ್ಲಿ ಕುಳಿತ ಮೇಲೆಯೇ. ಹೆಣ್ಣು ಬಂದರೆ ಪಕ್ಷ ಬದಲಾಗುತ್ತದೆ ಎಂದಲ್ಲ, ಚರ್ಚೆಯ ವಿಷಯ ಬದಲಾಗುತ್ತದೆ. ಇಷ್ಟಾದರೂ 2023ರಲ್ಲಿ ನಮ್ಮ 224 ಸದಸ್ಯರ ವಿಧಾನಸಭೆಗೆ ಗೆದ್ದು ಬಂದ ಹೆಂಗಸರು 10 ಮಂದಿ ಮಾತ್ರ. ಓಟಿಗೆ ಹೆಣ್ಣು ಬೇಕು, ಟಿಕೆಟ್ಟಿಗೆ ಬೇಡ.

ಆನೇಕಲ್ಲಿನ ಹೆಂಗಸಿನ ಪ್ರಶ್ನೆ ಏನು ಎಂಬುದನ್ನು ಆಕೆಯೇ ಒಮ್ಮೆ ಬೀದಿಯಲ್ಲಿ ಹೇಳಿದ್ದಾಳೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಗಾರ್ಮೆಂಟ್ಸ್ ಹೆಂಗಸಿಗೆ ಪಿಎಫ್ ಎಂದರೆ ಮುಪ್ಪಿನ ಹಣವಲ್ಲ. ಮಗಳ ಮದುವೆ, ಮಗನ ಫೀಸು, ಮನೆಯ ಭೋಗ್ಯ, ಆಸ್ಪತ್ರೆಯ ಖರ್ಚು ಎಲ್ಲವೂ ಅದೇ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಯಾವ ಪಕ್ಷದ ಕರೆಯೂ ಇಲ್ಲದೆ ಕಾರ್ಖಾನೆ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಬೊಮ್ಮನಹಳ್ಳಿಯಿಂದ ಹೆಬ್ಬಗೋಡಿಯವರೆಗೆ ಹೆದ್ದಾರಿ ನಿಂತುಹೋಯಿತು. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು, ಹಿಂಸೆಯೂ ನಡೆಯಿತು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅಂದು ಅವರು ಬೀದಿಗೆ ಇಳಿದದ್ದು ಬರೀ ಹೆಣ್ಣಾಗಿ ಅಲ್ಲ, ಬರೀ ಕಾರ್ಮಿಕರಾಗಿಯೂ ಅಲ್ಲ. ಮನೆಯ ಲೆಕ್ಕವನ್ನೂ ಯಂತ್ರದ ಕೆಲಸವನ್ನೂ ಒಟ್ಟಿಗೆ ಹೊತ್ತವರಾಗಿ ಇಳಿದರು. ಅವರಲ್ಲಿ ಎಲ್ಲ ಜಾತಿಯವರೂ ಎಲ್ಲ ಧರ್ಮದವರೂ ಇದ್ದರು. ದೇಶದ ಸರ್ಕಾರವನ್ನು ಎರಡು ದಿನಗಳಲ್ಲಿ ಮಣಿಸಿದ ಇಂಥವರನ್ನು ‘ಗಂಡ ಹೇಳಿದ ಕಡೆ ಒತ್ತುವವರು’ ಎಂದು ಕರೆಯಲು ನಾಚಿಕೆಯಾಗಬೇಕು.

ಮುಂದಿನ ಚುನಾವಣೆಗಳಲ್ಲಿ ಇವರ ಈ ಪ್ರಶ್ನೆಗಳು ಎಲ್ಲಿ ಹೋದವು? 2023ರ ಫೆಬ್ರವರಿಯಲ್ಲಿ, ವಿಧಾನಸಭಾ ಚುನಾವಣೆಗೆ ಮೂರು ತಿಂಗಳಿರುವಾಗ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಮತ್ತು ಹೆಂಗಸರನ್ನು ರಾತ್ರಿ ಪಾಳಿಗೆ ಕರೆಯಲು ಅವಕಾಶ ಕೊಡುವ ಕಾರ್ಖಾನೆ ತಿದ್ದುಪಡಿ ಮಸೂದೆಗೆ ನಮ್ಮ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಆನೇಕಲ್ ತಾಲ್ಲೂಕಿನ ಸಾವಿರಾರು ಮನೆಗಳ ಅಡುಗೆ, ಮಕ್ಕಳು, ನಿದ್ದೆ ಎಲ್ಲವನ್ನೂ ಮುಟ್ಟುವ ವಿಷಯ ಅದು. ಅದು ಮನೆಮನೆಯ ಚುನಾವಣಾ ಮಾತಾಗಬೇಕಿತ್ತು. ಆದದ್ದು ಗ್ಯಾರಂಟಿ ಕಾರ್ಡಿನ ಮಾತು ಮತ್ತು ಟಿಪ್ಪು, ಹಿಜಾಬ್, ಬಜರಂಗಿಯ ಮಾತು. ‘ಮಹಿಳಾ ಮತ’ ಎಂಬ ಹುಸಿ ಲೆಕ್ಕದಿಂದ ಲಾಭ ಯಾರಿಗೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಹೆಂಗಸರನ್ನು ಒಂದು ಗಂಟು ಎಂದು ಭಾವಿಸಿದರೆ ಆ ಗಂಟಿಗೆ ಒಂದು ಬೆಲೆ ಕಟ್ಟಿದರಾಯಿತು. ದರ್ಜಿ ಹೆಂಗಸಿಗೆ ಕನಿಷ್ಠ ಕೂಲಿ ಎಷ್ಟು, ಕಾರ್ಖಾನೆಯಲ್ಲಿ ಕೂಸಿನ ಮನೆ ಇದೆಯೇ, ರಾತ್ರಿ ಪಾಳಿ ಮುಗಿಸಿದವಳು ಮನೆ ಸೇರುವುದು ಹೇಗೆ ಎಂದು ಬೇರೆ ಬೇರೆಯಾಗಿ ಉತ್ತರ ಕೊಡುವ ಕಷ್ಟ ತಪ್ಪುತ್ತದೆ.

ಎರಡು ಸಾವಿರ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಭಿಕ್ಷೆಯಲ್ಲ. ಕೂಲಿಯಿಲ್ಲದೆ ಮನೆಯಲ್ಲಿ ದುಡಿದವಳಿಗೆ ಸಮಾಜ ಹಿಂದಿರುಗಿಸುವ ಸಾಲದ ಒಂದು ತುಣುಕು. ಬಿಟ್ಟಿ ಬಸ್ಸೂ ಹಾಗೆಯೇ. ಆದರೆ ಆ ಬಸ್ಸು ಎಲ್ಲ ಹೆಂಗಸರದೂ ಅಲ್ಲ ಎಂಬುದನ್ನೂ ನೋಡಬೇಕು. ಒಡಿಶಾದಿಂದಲೋ ಜಾರ್ಖಂಡದಿಂದಲೋ ಬಂದು ಇಲ್ಲಿನ ಹಾಸ್ಟೆಲಿನಲ್ಲಿದ್ದು ಹೊಲಿಗೆ ಯಂತ್ರ ತುಳಿಯುವ ಹುಡುಗಿಗೆ ಕರ್ನಾಟಕದ ವಿಳಾಸದ ಕಾರ್ಡಿಲ್ಲದಿದ್ದರೆ ಟಿಕೆಟ್ ಕೊಳ್ಳಲೇಬೇಕು. ಆನೇಕಲ್ಲಿನಲ್ಲಿ ಅವಳಿಗೆ ಓಟೂ ಇಲ್ಲ. ಅವಳು ಹೆಣ್ಣಲ್ಲವೇ? ‘ಮಹಿಳಾ ಮತ’ದ ಲೆಕ್ಕ ಹಾಕುವ ಯಾವ ಪಂಡಿತನ ಕಾಗದದಲ್ಲೂ ಅವಳಿಗೆ ಜಾಗವಿಲ್ಲ.

ಆದ್ದರಿಂದ ಮಾಡಬೇಕಾದ ಕೆಲಸ ಎರಡು. ಪಕ್ಷಗಳು ಹೆಂಗಸರ ಓಟು ಯಾರಿಗೆ ಎಂದು ಊಹಿಸುವುದನ್ನು ಬಿಟ್ಟು ಅವರ ಪ್ರಶ್ನೆಗೆ ಉತ್ತರ ಕೊಡಲಿ. ಮಗ್ಗದವಳಿಗೆ ಒಂದು, ಗಾರ್ಮೆಂಟ್ಸ್‌ನವಳಿಗೆ ಒಂದು, ರಾತ್ರಿ ಪಾಳಿಯ ಕಂಪ್ಯೂಟರ್ ಹುಡುಗಿಗೆ ಒಂದು, ಬೇರೆ ಬೇರೆ ಉತ್ತರ. ನಮ್ಮ ಸಮುದಾಯದ ಹಿರಿಯರು ಮುಂದಿನ ಸಲ ಮತದಾರರ ಪಟ್ಟಿ ಪರಿಷ್ಕರಣೆ ಬಂದಾಗ ಮದುವೆಯಾಗಿ ಬಂದ ಸೊಸೆಯ ಹೆಸರು ಸೇರಿದೆಯೇ ಎಂದು ಮೊದಲು ನೋಡಲಿ, ಮಸೀದಿಯ ಅಂಗಳದಲ್ಲಿ ಚುನಾವಣೆಯ ಮಾತು ನಡೆಯುವಾಗ ಅವರಿಗೂ ಜಾಗ ಮಾಡಿಕೊಡಲಿ. ಆಮೇಲೆ ಆಕೆ ಯಾರಿಗೆ ಓಟು ಹಾಕುತ್ತಾಳೆ ಎಂಬುದು ಆಕೆಗೂ ಆಕೆಯ ಆತ್ಮಸಾಕ್ಷಿಗೂ ಬಿಟ್ಟದ್ದು. ಮತಗಟ್ಟೆಯ ಆ ಮರೆಯನ್ನು ಇಟ್ಟಿರುವುದೇ ಅದಕ್ಕಾಗಿ.